ಡೀಫಾಲ್ಟ್ ಯಾರಿಗೆ, ಹೊಸಬರಿಗಾ ಹಳಬರಿಗಾ?

ರಾಶಿ ಸೆಟ್ಟಿಂಗ್‌ಗಳಿರುವ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುವವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನನ್ನೂ ಮತ್ತೆ ಮತ್ತೆ ಕೇಳುತ್ತಾರೆ. "ಎಲ್ಲವನ್ನೂ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು ಅಂತೀರಿ, ಸರಿ. ಆದರೆ ಇನ್‌ಸ್ಟಾಲ್ ಮಾಡಿ ತೆರೆದ ತಕ್ಷಣ ಅದು ಹೇಗಿರಬೇಕು? ಹೊಸಬರಿಗೆ ಅನುಕೂಲವಾಗುವ ಹಾಗಾ, ವರ್ಷಗಟ್ಟಲೆ ಬಳಸಿಕೊಂಡು ಬಂದವರಿಗೆ ಹೊಂದುವ ಹಾಗಾ?"

ಡೀಫಾಲ್ಟ್, ಅಂದರೆ ಯಾರೂ ಏನನ್ನೂ ಬದಲಾಯಿಸುವ ಮೊದಲೇ ಇರುವ ಸೆಟ್ಟಿಂಗ್, ಹೊಸಬರದ್ದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಳಬರಿಗೆ ಸಲ್ಲಬೇಕಾದ್ದು ಬೇರೆ ಇದೆ. ಅವರ ಕೈಗೆ ಕೂತಿರುವುದನ್ನು ಹೇಳದೆ ಕೇಳದೆ ಬದಲಾಯಿಸಬಾರದು. ಹೊಸ ಇನ್‌ಸ್ಟಾಲ್ ಹೇಗಿರಬೇಕು ಅನ್ನುವುದು ಒಂದು ಪ್ರಶ್ನೆ. ಹಳೇ ಇನ್‌ಸ್ಟಾಲ್ ಅಪ್‌ಡೇಟ್ ಆದಾಗ ಏನಾಗಬೇಕು ಅನ್ನುವುದು ಇನ್ನೊಂದು. ಜಗಳ ಶುರುವಾಗುವುದು ಈ ಎರಡನ್ನೂ ಕಲಸಿಬಿಟ್ಟಾಗ.

ಹೊಸಬರದ್ದು ಅಂತ ಯಾಕೆ ಹೇಳುತ್ತೇನೆ? ಬ್ಲೆಂಡರ್ ನೋಡಿ. ತ್ರೀಡಿ ಚಿತ್ರ, ಆನಿಮೇಷನ್ ಮಾಡುವ ಉಚಿತ ಸಾಫ್ಟ್‌ವೇರ್ ಅದು. ಅದರಲ್ಲಿ ಬಹಳ ಕಾಲ ಒಂದು ವಸ್ತುವನ್ನು ಸೆಲೆಕ್ಟ್ ಮಾಡಲು ಮೌಸ್‌ನ ಬಲ ಬಟನ್ ಒತ್ತಬೇಕಿತ್ತು. ಹೊಸದಾಗಿ ಬಂದವರು ಬೇರೆಲ್ಲ ಕಡೆ ಮಾಡುವಂತೆ ಎಡ ಬಟನ್ ಒತ್ತುತ್ತಿದ್ದರು. ವಸ್ತು ಸೆಲೆಕ್ಟ್ ಆಗುತ್ತಿರಲಿಲ್ಲ. ಬದಲಿಗೆ ಕೆಂಪು ಬಿಳಿ ಪಟ್ಟೆಯ ಸಣ್ಣ ಉಂಗುರವೊಂದು ಕ್ಲಿಕ್ ಮಾಡಿದ ಜಾಗಕ್ಕೆ ಬಂದು ಕೂರುತ್ತಿತ್ತು. ಅದಕ್ಕೆ ತ್ರೀಡಿ ಕರ್ಸರ್ ಅಂತ ಹೆಸರು. ಮತ್ತೆ ಕ್ಲಿಕ್ ಮಾಡಿದರೆ ಮತ್ತೆ ಅದೇ ಉಂಗುರ. ಎಡ ಬಟನ್‌ನಿಂದಲೇ ಸೆಲೆಕ್ಟ್ ಆಗುವ ಹಾಗೆ ಬದಲಾಯಿಸಿಕೊಳ್ಳಲು ಸೆಟ್ಟಿಂಗ್ ಆಗಲೂ ಇತ್ತು. ಆದರೆ ಅಂಥದ್ದೊಂದು ಇದೆ ಅಂತ ಮೊದಲ ದಿನ ಬಂದವರಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಕಾಣುವುದು "ಇದು ಕೆಲಸ ಮಾಡ್ತಿಲ್ಲ" ಅಂತ ಮಾತ್ರ. ಉಂಗುರದ ಹೆಸರೇ ಗೊತ್ತಿಲ್ಲದಿದ್ದರೆ ಹುಡುಕುವುದಾದರೂ ಏನನ್ನು?

ಹಳಬರ ಸ್ಥಿತಿ ಹಾಗಲ್ಲ. ಸೆಟ್ಟಿಂಗ್ ಎಲ್ಲಿದೆ, ಅದರ ಹೆಸರೇನು, ಬದಲಾಯಿಸಿದರೆ ಏನಾಗುತ್ತದೆ ಎಲ್ಲ ಅವರಿಗೆ ಗೊತ್ತು. ಬದಲಾಯಿಸುವ ಕಷ್ಟ ಇಬ್ಬರಿಗೂ ಒಂದೇ ಅಲ್ಲ. ಯಾರಿಗೆ ಅದು ಅಸಾಧ್ಯವೋ ಅವರಿಗೆ ಮೊದಲೇ ಸರಿಯಾಗಿ ಇಟ್ಟುಕೊಡಬೇಕು.

ಇನ್ನೊಂದು ಕಾರಣವೂ ಇದೆ. ಹಳಬರಿಗೆ ಏನಾದರೂ ಕಿರಿಕಿರಿಯಾದರೆ ಬರೆದು ಕಳಿಸುತ್ತಾರೆ, ಚೆನ್ನಾಗಿ ಬರೆಯುತ್ತಾರೆ, ಕಾರಣ ಸಮೇತ. ಹೊಸಬರು ಬರೆಯುವುದಿಲ್ಲ. ಸುಮ್ನೆ ಬಿಟ್ಟು ಹೋಗುತ್ತಾರೆ. ಹಾಗಾಗಿ ಬಂದ ಪತ್ರಗಳನ್ನಷ್ಟೇ ಓದಿ ಡೀಫಾಲ್ಟ್ ಇಟ್ಟರೆ ಅದು ತಾನಾಗೇ ಹಳಬರ ಕಡೆ ವಾಲುತ್ತದೆ.

ಹಾಗಂತ ಹಳಬರ ಸಿಟ್ಟು ಮೊಂಡುತನ ಅಲ್ಲ. "ಹಳಬರು ಅಡ್ಜಸ್ಟ್ ಮಾಡಿಕೊಳ್ಳಲಿ ಬಿಡಿ" ಅನ್ನುವ ಮಾತು ಕೇಳಿದರೆ ನನಗೆ ಬೇಸರವಾಗುತ್ತದೆ. ದಿನಕ್ಕೆ ನೂರಾರು ಸಲ ಒತ್ತುವ ಶಾರ್ಟ್‌ಕಟ್ ತಲೆಯಲ್ಲಿ ಇರುವುದಿಲ್ಲ, ಬೆರಳಲ್ಲಿ ಇರುತ್ತದೆ. ಅದನ್ನು ಬದಲಾಯಿಸಿದರೆ ಅವರು ಹೊಸದೊಂದನ್ನು ಕಲಿತರೆ ಸಾಲದು, ಹಳೆಯದನ್ನು ಮರೆಯಲೂ ಬೇಕು. ಮರೆಯುವುದೇ ಜಾಸ್ತಿ ಕಷ್ಟ. ಅದೂ ಅಪ್‌ಡೇಟ್ ಆಗುವುದು ಅವರಿಗೆ ಕೆಲಸದ ಗಡಿಬಿಡಿ ಇರುವ ದಿನವೇ ಆಗಿರಬಹುದು.

ಇಲ್ಲಿ ಸ್ವಲ್ಪ ಒಳಗೆ ಇಳಿದು ನೋಡಬೇಕು, ಯಾಕಂದರೆ ತೊಂದರೆಯ ಬೇರು ಇಲ್ಲಿದೆ. ಎಷ್ಟೋ ಪ್ರೋಗ್ರಾಂಗಳು ಸೆಟ್ಟಿಂಗ್ ಫೈಲ್‌ನಲ್ಲಿ ನೀವು ಬದಲಾಯಿಸಿದ್ದನ್ನು ಮಾತ್ರ ಬರೆದಿಡುತ್ತವೆ. ಮುಟ್ಟದೇ ಇದ್ದದ್ದು ಫೈಲ್‌ನಲ್ಲಿ ಇರುವುದೇ ಇಲ್ಲ. ಅದರ ಬೆಲೆಯನ್ನು, ಅಂದರೆ ಅದು ಹೇಗಿರಬೇಕು ಅನ್ನುವುದನ್ನು, ಪ್ರೋಗ್ರಾಂ ತನ್ನೊಳಗಿನಿಂದಲೇ ಓದಿಕೊಳ್ಳುತ್ತದೆ. ಈಗ ಹೊಸ ವರ್ಷನ್‌ನಲ್ಲಿ ನಾವು ಡೀಫಾಲ್ಟ್ ಬದಲಾಯಿಸಿದೆವು ಅಂತಿಟ್ಟುಕೊಳ್ಳಿ. ಯಾರಿಗೆ ಪೆಟ್ಟು ಬೀಳುತ್ತದೆ? ಹಳೇ ಡೀಫಾಲ್ಟ್ ಇಷ್ಟವಿಲ್ಲದೆ ಬದಲಾಯಿಸಿಕೊಂಡವರಿಗೆ ಏನೂ ಆಗುವುದಿಲ್ಲ, ಅವರ ಆಯ್ಕೆ ಫೈಲ್‌ನಲ್ಲಿ ಭದ್ರವಾಗಿದೆ. ಅದನ್ನು ಇಷ್ಟಪಟ್ಟು ಹಾಗೇ ಬಿಟ್ಟುಕೊಂಡವರಿಗೆ ಮಾತ್ರ ಎಲ್ಲ ಏರುಪೇರು. ಅವರಿಗೆ ಅದು ಎಷ್ಟು ಒಪ್ಪಿಗೆಯಾಗಿತ್ತು ಅನ್ನುವುದಕ್ಕೆ ಎಲ್ಲೂ ಗುರುತೇ ಇಲ್ಲ. ಮುಟ್ಟದೇ ಇದ್ದದ್ದನ್ನು "ಅವರಿಗೆ ಇದರ ಬಗ್ಗೆ ಏನೂ ಅನಿಸಿಲ್ಲ" ಅಂತ ಯಂತ್ರ ಓದುತ್ತದೆ. ಅದು ತಪ್ಪು ಓದು.

ಇದಕ್ಕೆ ಪರಿಹಾರ ಇದೆ. ಅಪ್‌ಡೇಟ್ ಆದ ಮೇಲೆ ಮೊದಲ ಸಲ ತೆರೆದಾಗ, ಈ ಕಂಪ್ಯೂಟರ್‌ನಲ್ಲಿ ಹಳೇ ವರ್ಷನ್‌ನ ಸೆಟ್ಟಿಂಗ್ ಇದೆಯಾ ಅಂತ ನೋಡಬೇಕು. ಇದ್ದರೆ, ಬದಲಾಗುತ್ತಿರುವ ಡೀಫಾಲ್ಟ್‌ನ ಹಳೇ ಬೆಲೆಯನ್ನು ಅವರ ಫೈಲ್‌ಗೆ ನಾವೇ ಬರೆದುಬಿಡಬೇಕು. ಹೊಸ ಬೆಲೆ ಹೊಸ ಇನ್‌ಸ್ಟಾಲ್‌ಗೆ ಮಾತ್ರ. ಹಳಬರಿಗೆ ಏನೂ ಆದ ಹಾಗೆ ಅನಿಸುವುದಿಲ್ಲ. ಇಷ್ಟ ಬಂದಾಗ ಹೊಸದಕ್ಕೆ ಬರಬಹುದು.

ಇದು ಪುಕ್ಕಟೆ ಸಿಗುವುದಲ್ಲ. ಒಂದೇ ವರ್ಷನ್ ಇಬ್ಬರ ಬಳಿ ಎರಡು ಥರ ಕಾಣುತ್ತದೆ. ಹಳಬರು ಸಹಾಯ ಮಾಡಲು ಹೋಗಿ "ಇದನ್ನು ಒತ್ತಿ" ಅಂದರೆ ಹೊಸಬರ ಬಳಿ ಬೇರೇನೋ ಆಗುತ್ತದೆ. ನಾವು ಎರಡನ್ನೂ ಪರೀಕ್ಷೆ ಮಾಡಬೇಕು, ಎರಡಕ್ಕೂ ಸಹಾಯ ಪುಟ ಬರೆಯಬೇಕು. ಹಾಗಾಗಿ ಪ್ರತಿ ಸಣ್ಣ ಬದಲಾವಣೆಗೂ ಇದನ್ನು ಮಾಡಲು ಆಗುವುದಿಲ್ಲ. ಕೈಗೆ ಕೂತಿರುವಂಥದ್ದಕ್ಕೆ, ಅಂದರೆ ಶಾರ್ಟ್‌ಕಟ್, ಮೌಸ್ ಇವುಗಳಿಗೆ, ಮತ್ತೆ ಜನರ ಫೈಲ್‌ಗಳನ್ನೇ ಬದಲಾಯಿಸುವಂಥದ್ದಕ್ಕೆ ಮಾಡಿದರೆ ಸಾಕು. ಬಣ್ಣ, ಐಕಾನ್ ಇವಕ್ಕೆ ಇಷ್ಟೆಲ್ಲ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕೋಡ್ ಬರೆಯಲು ಬಳಸುವ ವಿಮ್ ಎಡಿಟರ್ 2016ರ 8.0 ವರ್ಷನ್‌ನಲ್ಲಿ ಇದನ್ನೇ ಬೇರೆ ರೀತಿ ಮಾಡಿತು. ವಿಮ್‌ನಲ್ಲಿ ನಮ್ಮ ಸೆಟ್ಟಿಂಗ್‌ಗಳನ್ನು ವಿಮ್‌ಆರ್‌ಸಿ ಅನ್ನುವ ಫೈಲ್‌ನಲ್ಲಿ ಬರೆದುಕೊಳ್ಳುತ್ತೇವೆ. ಅದಕ್ಕೂ ಹಿಂದೆ ಈ ಫೈಲ್ ಇಲ್ಲದಿದ್ದರೆ ವಿಮ್ ತನ್ನ ಪೂರ್ವಜ ವಿಐ ಥರವೇ ನಡೆದುಕೊಳ್ಳುತ್ತಿತ್ತು. ಕೋಡ್‌ಗೆ ಬಣ್ಣ ಕೂಡ ಬರುತ್ತಿರಲಿಲ್ಲ. 8.0ರಿಂದ ಆ ಫೈಲ್ ಇಲ್ಲದವರಿಗೆ ಮಾತ್ರ ಒಳ್ಳೇ ಸೆಟ್ಟಿಂಗ್‌ಗಳ ಒಂದು ಕಟ್ಟು ತಾನಾಗೇ ಸಿಗುವ ಹಾಗಾಯಿತು. ಬಣ್ಣ ಬರುತ್ತದೆ, ಹುಡುಕುವಾಗ ಟೈಪ್ ಮಾಡುತ್ತಿದ್ದಂತೆಯೇ ಫಲಿತಾಂಶ ಕಾಣುತ್ತದೆ, ಮೌಸ್ ಕೆಲಸ ಮಾಡುತ್ತದೆ. ವಿಮ್‌ಆರ್‌ಸಿ ಇರುವವರ ತಂಟೆಗೆ ಅದು ಹೋಗುವುದಿಲ್ಲ. ಯೋಚನೆ ಬಹಳ ಚೆನ್ನಾಗಿದೆ ಅಲ್ವಾ?

ಚೆನ್ನಾಗಿದೆ, ಆದರೆ ಎರಡು ಕಡೆ ಎಡವುತ್ತದೆ. ಒಬ್ಬರು ಹೊಸಬರು ಒಂದಷ್ಟು ದಿನ ಬಳಸಿ, ಧೈರ್ಯ ಬಂದು, ಮೊದಲ ಸಲ ವಿಮ್‌ಆರ್‌ಸಿ ಮಾಡಿ ಅದರಲ್ಲಿ ಸಾಲು ಸಂಖ್ಯೆ ತೋರಿಸು ಅಂತ ಒಂದೇ ಒಂದು ಸಾಲು ಬರೆಯುತ್ತಾರೆ. ಫೈಲ್ ಬಂತು ಅಂದಮೇಲೆ ವಿಮ್ ಲೆಕ್ಕದಲ್ಲಿ ಅವರು ಹಳಬರು. ಮರುಕ್ಷಣ ಮೊದಲಿದ್ದ ಅನುಕೂಲಗಳಲ್ಲಿ ಎಷ್ಟೋ ಮಾಯ. ಆ ಕಟ್ಟನ್ನು ನಿಮ್ಮ ಫೈಲ್‌ನ ಆರಂಭದಲ್ಲೇ ಸೇರಿಸಿಕೊಳ್ಳಿ ಅಂತ ವಿಮ್‌ನ ಸಹಾಯ ಪುಟ ಹೇಳುತ್ತದೆ, ಆದರೆ ಹಾಗೊಂದು ಕಟ್ಟು ಇತ್ತು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಕಲಿಯಲು ಮೊದಲ ಹೆಜ್ಜೆ ಇಟ್ಟವರಿಗೇ ಪೆಟ್ಟು. ಇನ್ನೊಂದು, ಫೈಲ್ ಇಲ್ಲದವರೆಲ್ಲ ಹೊಸಬರಲ್ಲ. ದಿನಕ್ಕೊಂದು ಹೊಸ ಸರ್ವರ್‌ಗೆ ಲಾಗಿನ್ ಆಗುವ ಪಳಗಿದ ಅಡ್ಮಿನ್ ಬಳಿ ಅಲ್ಲಿ ಯಾವ ಫೈಲೂ ಇರುವುದಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಮೌಸ್ ಎಳೆದು ನಾಲ್ಕು ಸಾಲು ಕಾಪಿ ಮಾಡಲು ಹೋದರೆ, ಆ ಮೌಸನ್ನು ಈಗ ವಿಮ್ ತಾನೇ ಹಿಡಿದುಕೊಂಡಿರುತ್ತದೆ. ಈ ಮೌಸ್ ವಿಷಯಕ್ಕೆ ಸಾಕಷ್ಟು ಗೊಣಗಾಟ ಕೇಳಿಬಂತು.

ಬಳಸುವವರು ಹೊಸಬರೋ ಹಳಬರೋ ಅಂತ ಸಾಫ್ಟ್‌ವೇರ್ ಊಹೆ ಮಾಡುವುದರಲ್ಲೇ ಈ ಅಪಾಯ ಇದೆ. ಹಾಗಾದರೆ ಕೇಳಿಬಿಡಬಹುದಾ? ಕೇಳಬಹುದು, ಆದರೆ ಏನು ಕೇಳುತ್ತೇವೆ ಅನ್ನುವುದು ಮುಖ್ಯ. "ಬಿಗಿನರ್ ಮೋಡ್, ಎಕ್ಸ್‌ಪರ್ಟ್ ಮೋಡ್ ಅಂತ ಎರಡು ಕೊಡಿ" ಅಂತ ಹೇಳುವವರು ಬಹಳ ಜನ. ನನಗೆ ಅದು ಇಷ್ಟವಿಲ್ಲ. ನೀವು ಎಕ್ಸ್‌ಪರ್ಟ್ ಹೌದಾ ಅಂತ ಕೇಳಿದರೆ ಜನ ಏನು ಹೇಳಬೇಕು? ಹತ್ತು ವರ್ಷ ಬೇರೊಂದು ಸಾಫ್ಟ್‌ವೇರ್ ಬಳಸಿ ಇದಕ್ಕೆ ನಿನ್ನೆ ಬಂದವರು ಯಾವ ಗುಂಪು?

ಬ್ಲೆಂಡರ್ ಇದನ್ನು ಸರಿಯಾಗಿ ಮಾಡಿತು. 2019ರ ಜುಲೈನಲ್ಲಿ ಬಂದ 2.80ರಲ್ಲಿ ಕೊನೆಗೂ ಎಡ ಬಟನ್ ಸೆಲೆಕ್ಟ್ ಡೀಫಾಲ್ಟ್ ಆಯಿತು. ಮೊದಲ ಸಲ ತೆರೆದಾಗ ಒಂದು ಸಣ್ಣ ಕಿಟಕಿ ಬರುತ್ತದೆ. ನೀವು ಹೊಸಬರಾ ಅಂತ ಅದು ಕೇಳುವುದಿಲ್ಲ. ಸೆಲೆಕ್ಟ್ ಮಾಡಲು ಎಡ ಬಟನ್ನಾ, ಬಲ ಬಟನ್ನಾ ಅಂತ ಕೇಳುತ್ತದೆ. ಹೊಸಬರಿಗೆ ಎಡ ಅನ್ನುವುದು ಸಹಜ, ಅದು ಮೊದಲೇ ಆಯ್ಕೆಯಾಗಿರುತ್ತದೆ, ಅವರು ಮುಂದೆ ಹೋಗುತ್ತಾರೆ. ಹಳಬರು ಬಲ ಅಂತ ಬದಲಾಯಿಸಿ ಮುಂದೆ ಹೋಗುತ್ತಾರೆ. ಹಳೇ 2.7 ಸಾಲಿನ ಶಾರ್ಟ್‌ಕಟ್‌ಗಳನ್ನೇ ಇಟ್ಟುಕೊಳ್ಳುವ ಅವಕಾಶವೂ ಇತ್ತು. ಯಾರನ್ನೂ ಯಾವ ಗುಂಪಿಗೂ ಸೇರಿಸದೆ, ಕೈಯ ಅಭ್ಯಾಸವನ್ನು ಕೇಳಿದ್ದು ನನಗೆ ಬಹಳ ಹಿಡಿಸಿತು. ಇಂಥ ಪ್ರಶ್ನೆ ಎರಡೋ ಮೂರೋ ಇದ್ದರೆ ಸರಿ. ಹತ್ತಾದರೆ ಯಾರೂ ಓದುವುದಿಲ್ಲ.

ಕೇಳಲು ಜಾಗವಿಲ್ಲದ ಕಡೆ ಮುಂಚೆಯೇ ಹೇಳಬೇಕು. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಬರೀ ಪುಶ್ (ನಮ್ಮ ಕೆಲಸವನ್ನು ಸರ್ವರ್‌ಗೆ ಕಳಿಸುವ ಆಜ್ಞೆ) ಅಂತ ಕೊಟ್ಟರೆ ಮೊದಲು, ಸರ್ವರ್‌ನಲ್ಲಿ ಅದೇ ಹೆಸರಿನ ಬ್ರಾಂಚ್ (ಕೋಡ್‌ನ ಕವಲು) ಇರುವ ನಿಮ್ಮ ಎಲ್ಲ ಬ್ರಾಂಚ್‌ಗಳೂ ಹೋಗುತ್ತಿದ್ದವು. ಹೊಸಬರಿಗೆ ಇದು ಗುಂಡಿಯ ಹಾಗಿತ್ತು. 2014ರ 2.0ರಲ್ಲಿ ಅದನ್ನು ಈಗಿರುವ ಬ್ರಾಂಚ್‌ಗೆ ಮಾತ್ರ ಸೀಮಿತ ಮಾಡಿದರು. ಆದರೆ ಅದಕ್ಕೂ ಮುಂಚಿನ ವರ್ಷನ್‌ಗಳಲ್ಲೇ, ಈ ಸೆಟ್ಟಿಂಗ್ ಮುಟ್ಟದೇ ಇದ್ದವರಿಗೆ ಪುಶ್ ಮಾಡಿದಾಗ ಉದ್ದನೆಯ ಎಚ್ಚರಿಕೆ ಬರುತ್ತಿತ್ತು. ಹಳೆಯದೇ ಬೇಕಿದ್ದರೆ ಹೀಗೆ ಬರೆಯಿರಿ, ಹೊಸದು ಈಗಲೇ ಬೇಕಿದ್ದರೆ ಹೀಗೆ ಬರೆಯಿರಿ ಅಂತ. ಒಂದು ಸಾಲು ಬರೆದರೆ ಎಚ್ಚರಿಕೆ ನಿಲ್ಲುತ್ತಿತ್ತು. ಮುಟ್ಟದೇ ಇದ್ದವರಿಂದ ಒಂದು ಮಾತು ಹೇಳಿಸಿದ್ದು ಇದರ ಹೆಚ್ಚುಗಾರಿಕೆ.

ಹೊಸಬರಿಗೆ ಅಂದರೆ ಬಚ್ಚಿಡುವುದು ಅಂತ ಅರ್ಥವಲ್ಲ. ಇದನ್ನು ಒತ್ತಿ ಹೇಳಬೇಕು. ಗೊಂದಲ ಬೇಡ ಅಂತ ವಿಂಡೋಸ್ ತನಗೆ ಗೊತ್ತಿರುವ ಫೈಲ್‌ಗಳ ಹೆಸರಿನ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ಡೀಫಾಲ್ಟಾಗಿ ಅಡಗಿಸುತ್ತದೆ. 2000ದ ಮೇ ತಿಂಗಳಲ್ಲಿ ಹರಡಿದ ಐಲವ್‌ಯು ವೈರಸ್ ಇದನ್ನೇ ಬಳಸಿಕೊಂಡಿತು. ಇಮೇಲ್‌ನಲ್ಲಿ ಬಂದ ಫೈಲ್‌ನ ಹೆಸರಿನ ಕೊನೆಗೆ ಎರಡು ಬಾಲ ಇತ್ತು, ಮೊದಲು ಟಿಎಕ್ಸ್‌ಟಿ, ಅಂದರೆ ಪಠ್ಯ, ಆಮೇಲೆ ವಿಬಿಎಸ್, ಅಂದರೆ ಪ್ರೋಗ್ರಾಂ. ಎರಡನೆಯದು ಅಡಗಿತು. ಜನರ ಕಣ್ಣಿಗೆ ಅದೊಂದು ಸಾಧಾರಣ ಪಠ್ಯ ಫೈಲ್. ತೆರೆದರೆ ಪ್ರೋಗ್ರಾಂ ಓಡಿತು. ಹಳಬರು ಎಕ್ಸ್‌ಟೆನ್ಷನ್ ಕಾಣುವ ಹಾಗೆ ಎಂದೋ ಬದಲಾಯಿಸಿಕೊಂಡಿರುತ್ತಾರೆ. ಯಾರ ಅನುಕೂಲಕ್ಕೆ ಅಂತ ಅಡಗಿಸಿದರೋ ಅವರೇ ಬಲಿಯಾಗುವ ಹಾಗಾಯಿತು.

ಕಡಿಮೆ ತೋರಿಸುವುದಕ್ಕೂ ಒಳ್ಳೆಯ ದಾರಿ ಇದೆ. ಐಬಿಎಂನಲ್ಲಿದ್ದ ಸಂಶೋಧಕ ಜಾನ್ ಕ್ಯಾರೊಲ್ ಮತ್ತು ಜೊತೆಯವರು 1984ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಪತ್ರ ಟೈಪ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಹೊಸಬರು ಸಿಕ್ಕಿಬೀಳುವ ಆಯ್ಕೆಗಳನ್ನು ತಡೆದಿದ್ದರು. ಮೆನುವಿನಿಂದ ತೆಗೆದಿರಲಿಲ್ಲ. ಒತ್ತಿದರೆ ಇದು ಸದ್ಯಕ್ಕೆ ಸಿಗುವುದಿಲ್ಲ ಅನ್ನುವ ಸಂದೇಶ ಬರುತ್ತಿತ್ತು, ಅಷ್ಟೇ. ಅದರಲ್ಲಿ ಕಲಿತವರು ಬೇಗ ಕೆಲಸ ಶುರು ಮಾಡಿದರು, ತಪ್ಪು ಸರಿಪಡಿಸುವುದರಲ್ಲಿ ಕಡಿಮೆ ಸಮಯ ಕಳೆದರು. ನನಗೆ ಮುಖ್ಯ ಅನಿಸುವುದು ಜಾಗ ಬದಲಾಗದೇ ಇದ್ದದ್ದು. ನಾಳೆ ತಡೆ ತೆಗೆದಾಗ ಎಲ್ಲ ಎಲ್ಲಿತ್ತೋ ಅಲ್ಲೇ ಇರುತ್ತದೆ, ಕಲಿತದ್ದು ವ್ಯರ್ಥವಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಆಫೀಸ್ 2000 ಇದಕ್ಕೆ ತದ್ವಿರುದ್ಧ ಮಾಡಿತ್ತು. ನಾವು ಬಳಸದ ಮೆನು ಆಯ್ಕೆಗಳನ್ನು ತಾನೇ ಅಡಗಿಸುತ್ತಿತ್ತು. ನಿನ್ನೆ ಒಂದು ಜಾಗದಲ್ಲಿದ್ದದ್ದು ಇಂದು ಇನ್ನೊಂದು ಜಾಗದಲ್ಲಿ.

ಹಳಬರನ್ನು ಕಾಯದೆ ಎಲ್ಲರಿಗೂ ಒಟ್ಟಿಗೆ ಬದಲಾಯಿಸಬೇಕಾದ್ದು ಒಂದಿದೆ, ಸುರಕ್ಷತೆ. ಇಂಟರ್‌ನೆಟ್‌ನಿಂದ ಬಂದ ಆಫೀಸ್ ಫೈಲ್‌ಗಳ ಮ್ಯಾಕ್ರೋಗಳನ್ನು, ಅಂದರೆ ಫೈಲ್‌ನೊಳಗೇ ಇರುವ ಸಣ್ಣ ಪ್ರೋಗ್ರಾಂಗಳನ್ನು, ಡೀಫಾಲ್ಟಾಗಿ ತಡೆಯುತ್ತೇವೆ ಅಂತ ಮೈಕ್ರೋಸಾಫ್ಟ್ 2022ರಲ್ಲಿ ಪ್ರಕಟಿಸಿತು. ಜುಲೈನಲ್ಲಿ ಒಮ್ಮೆ ಹಿಂದೆ ಸರಿಯಿತು, ಅದೇ ತಿಂಗಳು ಇನ್ನೂ ಸ್ಪಷ್ಟವಾದ ಸೂಚನೆಗಳೊಂದಿಗೆ ಮತ್ತೆ ಜಾರಿ ಮಾಡಿತು. ಮ್ಯಾಕ್ರೋ ನಂಬಿ ಕೆಲಸ ಮಾಡುವವರಿಗೆ ಕಷ್ಟವಾಗಿದ್ದು ನಿಜ. ಆದರೂ ಇಲ್ಲಿ ಹಳೇ ಬೆಲೆಯನ್ನು ಉಳಿಸಿಕೊಡುವುದು ಅಂದರೆ ಅಪಾಯವನ್ನೇ ಉಳಿಸಿಕೊಟ್ಟ ಹಾಗೆ. ಬೇಕಾದವರಿಗೆ ತೆರೆದುಕೊಳ್ಳುವ ದಾರಿ ಸ್ಪಷ್ಟವಾಗಿ ಬರೆದಿಟ್ಟರೆ ಸಾಕು.

ಡೀಫಾಲ್ಟ್ ಬದಲಾಯಿಸಿ ಅಂತ ನನಗೆ ಬರೆಯುವವರಲ್ಲಿ ಒಂದು ಕೋರಿಕೆ. ನಿಮಗೆ ಯಾವುದು ಇಷ್ಟ ಅಂತ ಬರೆದರೆ ಸಾಲದು, ಅದನ್ನು ನೀವೇ ನಿಮ್ಮ ಕಂಪ್ಯೂಟರ್‌ನಲ್ಲಿ ಬದಲಾಯಿಸಿಕೊಳ್ಳಬಹುದು. ಹೊಸಬರೊಬ್ಬರು ಎಲ್ಲಿ ಸಿಕ್ಕಿಕೊಂಡರು, ಏನನ್ನು ಒತ್ತಿದರು, ಪರದೆ ಮೇಲೆ ಏನಾಯಿತು ಅಂತ ಬರೆಯಿರಿ. ಹಳೇ ಬೆಲೆಯನ್ನೇ ನಂಬಿರುವವರಿಗೆ ಅಪ್‌ಡೇಟ್ ಆದ ದಿನ ಏನು ಕಾಣಬೇಕು ಅಂತಲೂ ಒಂದು ಸಾಲು ಸೇರಿಸಿ. ಅಂಥ ಪತ್ರಗಳನ್ನು ನಾನು ಮೊದಲು ಓದುತ್ತೇನೆ.