ಹೇಳಿದ್ದಕ್ಕಿಂತ ಹೆಚ್ಚು ಕಾಫಿ!

ನಮ್ಮ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಬಂದ ಕಾಫಿಪುಡಿಯ ಲೇಬಲ್ ಪ್ರಕಾರ ನೂರರಲ್ಲಿ ಕಾಫಿ 60, ಚಿಕೋರಿ 40. ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಕೆಫೀನ್ ಶೇ. 0.92 ಬಂತು; ನಿಯಮ ಕೇಳುವುದು ಕನಿಷ್ಠ 0.6. ಅಳತೆಯಲ್ಲಿ ತಪ್ಪಿನ ಸುಳಿವಿಲ್ಲ: ಪುಡಿಯಿಲ್ಲದ ಬ್ಲಾಂಕ್ ದ್ರಾವಣ ಶುದ್ಧ, ಬೇಕೆಂದೇ ಸೇರಿಸಿದ ಕೆಫೀನ್‌ನಲ್ಲಿ ಶೇ. 98 ಮರಳಿ ಸಿಕ್ಕಿತು, ನಕ್ಷೆಯಲ್ಲಿ ಕೆಫೀನ್‌ನ ಪೀಕ್ ಗೋಪುರದ ಹಾಗೆ ನೆಟ್ಟಗೆ. ಅರೇಬಿಕಾ ಜಾತಿಯ ಕಾಫಿಯಲ್ಲಿ ಕೆಫೀನ್ ಸುಮಾರು 1.2 ಇರುತ್ತದೆಂದು ಭಾಗಿಸಿ ನೋಡಿದರೆ ಕಾಫಿಯ ಪಾಲು 77! ಹೇಳಿದ್ದಕ್ಕಿಂತ ಹೆಚ್ಚು ಕಾಫಿ ಹಾಕುವ ಪುಣ್ಯಾತ್ಮರೂ ಇದ್ದಾರಲ್ಲ ಎಂದು ನಕ್ಕೆ. ಅನುಮಾನ ಬರಬೇಕಾದದ್ದು ಅಲ್ಲಿಯೇ.

ಅಷ್ಟರಲ್ಲಿ ವಾಟರ್ ಬಾತ್ ಕಡೆಯಿಂದ ನಮ್ಮ ಕಿರಿಯ ವಿಶ್ಲೇಷಕಿ ಬಂದರು. "ಸರ್, ಅಕ್ವಿಯಸ್ ಎಕ್ಸ್‌ಟ್ರ್ಯಾಕ್ಟ್ 55 ಬರುತ್ತಿದೆ." ಅಂದರೆ ಪುಡಿಯಿಂದ ನೀರಿಗೆ ಇಳಿಯುವ ಅಂಶ; ಆ ನೀರನ್ನು ಡಿಶ್‌ನಲ್ಲಿ ಇಂಗಿಸಿ ಉಳಿದದ್ದನ್ನು ತೂಗುತ್ತೇವೆ. ಗರಿಷ್ಠ ಮಿತಿ 50. "ಡಿಶ್ ಸರಿಯಾಗಿ ಒಣಗಿಲ್ಲ, ಮತ್ತೆ ಇಡಿ" ಎಂದೆ. ಡಿಶ್ ಒಳಗೆ ಇಣುಕಿಯೂ ನೋಡಲಿಲ್ಲ. ಮಾರ್ಕೆಟಿಂಗ್‌ನವರು ಕೊಟ್ಟ ಮಾತಿನಂತೆ ವರದಿ ಕೊಡುವ ಗಡುವು ಸಂಜೆಗೆ ಮುಗಿಯುತ್ತಿತ್ತು, ಪ್ರಯೋಗಾಲಯದ ಲೆಕ್ಕವಿಡುವ ತಂತ್ರಾಂಶ ಲಿಮ್ಸ್ ಕೆಂಪಗಾಗಿತ್ತು. ಎಕ್ಸ್‌ಟ್ರ್ಯಾಕ್ಟ್ ಬಾಕಿ ಎಂದು ನಮೂದಿಸಿ ಮಧ್ಯಂತರ ವರದಿ ಕಳುಹಿಸಿದೆ. ಸಾಲದ್ದಕ್ಕೆ ಷರಾದಲ್ಲಿ "ಕಾಫಿಯ ಪಾಲು ಘೋಷಿತ ಪ್ರಮಾಣಕ್ಕಿಂತ ಕಡಿಮೆಯಿಲ್ಲ" ಎಂದು ಬರೆದೆ. ಯಾರೂ ಕೇಳಿರದ ವಾಕ್ಯ ಅದು.

ಮರುದಿನ ಗ್ರಾಹಕರ ಫೋನ್. ಗಾಜಿನ ಲೋಟದ ತಣ್ಣೀರಿಗೆ ಪುಡಿ ಉದುರಿಸಿ ನೋಡಿದ್ದರಂತೆ. "ಕಾಫಿ ತೇಲಬೇಕು ತಾನೇ? ಇಲ್ಲಿ ಕಂದು ಗೆರೆ ಎಳೆಯುತ್ತಾ ಹೆಚ್ಚಿನದು ಮುಳುಗುತ್ತಿದೆ." ಐದು ನಿಮಿಷ ಕೊಡಿ ಎಂದು ಹೇಳಿ ತಕ್ಕಡಿಯ ಮುಂದೆ ನಿಂತೆ. ಮೂರನೆಯ ಸಲ ಒಣಗಿಸಿದ ಡಿಶ್ ತೇವ ತಾಗದ ಡೆಸಿಕೇಟರ್ ಜಾಡಿಯಲ್ಲಿ ಆರುತ್ತಿತ್ತು. ಐದು ಹೋಗಿ ಇಪ್ಪತ್ತು ನಿಮಿಷವಾಯಿತು. ಫೋನ್ ಮತ್ತೆರಡು ಸಲ ಬಡಿದುಕೊಂಡಿತು. ಆಗ ಡಿಶ್‌ನ ತಳ ಕಣ್ಣಿಗೆ ಬಿತ್ತು: ಜೋನಿಬೆಲ್ಲ ಬಳಿದಂತೆ ಮಿರುಗುವ ಪದರ. ಅಂಕಿ ಕುಣಿದು ಕುಣಿದು ನಿಂತಿತು. ಅರ್ಧ ಗ್ರಾಂ ಪುಡಿಯಿಂದ ಇಳಿದದ್ದು 0.2752 ಗ್ರಾಂ. ಮತ್ತದೇ 55.

ರೊಬಸ್ಟಾ! ಅದು ಕಾಫಿಯ ಇನ್ನೊಂದು ಜಾತಿ, ಅದರಲ್ಲಿ ಕೆಫೀನ್ 2.2ರ ಆಸುಪಾಸು. ಹಾಗೆ ಭಾಗಿಸಿದರೆ ಕಾಫಿ 42 ಪಾಲು ಮಾತ್ರ. ನೀರಿಗೆ ಬಿಡುವ ಅಂಶ ಕಾಫಿಯಲ್ಲಿ ಮೂವತ್ತರ ಆಸುಪಾಸು, ಹುರಿದ ಚಿಕೋರಿಯಲ್ಲಿ ಎಪ್ಪತ್ತು ದಾಟುತ್ತದೆ. 42ಕ್ಕೆ ಲೆಕ್ಕ ಹಾಕಿದರೂ 55ರ ಹತ್ತಿರವೇ ಬರುತ್ತದೆ. ಲೇಬಲ್‌ನ 60 ಹಾಗಿರಲಿ, ಕಾನೂನಿನ ಕನಿಷ್ಠ 51ಕ್ಕೂ ತಲುಪಿರಲಿಲ್ಲ. ರೊಬಸ್ಟಾದ ಗುರುತಾದ 16-ಒ-ಮೀಥೈಲ್‌ಕೆಫೆಸ್ಟಾಲ್ ಎಂಬ ಅಂಶವನ್ನು ನೋಡಿದ್ದರೆ ರೊಬಸ್ಟಾ ಇರುವುದು ಮೊದಲೇ ತಿಳಿಯುತ್ತಿತ್ತು. ಹೋಲಿಸಿ ನೋಡಲು ಬೇಕಾದ ಅದರ ಶುದ್ಧ ಮಾದರಿ (ಸ್ಟ್ಯಾಂಡರ್ಡ್) ಖರೀದಿಸುವ ಕಡತ ಮೇಲಿನವರ ಮೇಜಿನಲ್ಲಿ ಮಲಗಿ ವರ್ಷವಾಯಿತು. ಆದರೆ ಅವರನ್ನು ಬೈದು ಏನು ಪ್ರಯೋಜನ, ಆರು ತೂತಿನಲ್ಲಿ ಎರಡು ಕೆಟ್ಟಿರುವ ಹಳೆಯ ವಾಟರ್ ಬಾತ್ ಹಿಂದಿನ ದಿನವೇ ಸತ್ಯ ಹೇಳಿತ್ತು. ಅದರ ಮುಂದೆ ಬೆವರುತ್ತಾ ನಿಂತವರ ಮಾತನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ತಿದ್ದಿದ ವರದಿ ಹೊರಡಿಸಲು ಲಿಮ್ಸ್ ಕಾರಣ ಕೇಳಿತು. ಆಯ್ಕೆಗಳು ಮೂರು: ಉಪಕರಣದ ದೋಷ, ಮಾದರಿಯ ದೋಷ, ವಿಶ್ಲೇಷಕರ ದೋಷ. ಮೂರನೆಯದನ್ನು ಒತ್ತಿದರೆ ಆ ಕಿರಿಯ ವಿಶ್ಲೇಷಕಿಯ ಹೆಸರು ತಾನಾಗಿಯೇ ತುಂಬಿಕೊಳ್ಳುತ್ತದೆ. ಅಳಿಸಲು ಬಿಡುವುದಿಲ್ಲ. ಕೊನೆಗೆ ವರದಿಯನ್ನು ಮುದ್ರಿಸಿ, ಆ ಹೆಸರನ್ನು ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ ನನ್ನದನ್ನು ಬರೆದು ಸಹಿ ಹಾಕಿದೆ. ಕೈಬರಹದ ತಿದ್ದುಪಡಿಗೆ ವಿವರಣೆ ಕೊಡಿ ಎಂದು ಗುಣಮಟ್ಟ ವಿಭಾಗದಿಂದ ನಿನ್ನೆ ಮೆಮೊ ಬಂದಿದೆ.