ಹತ್ತಿಸಿದ್ದು ಯಾರು?

ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಮಡಿಕೇರಿ ಕೋರ್ಟಿನಲ್ಲಿದ್ದೆ. ಪಾಟೀಸವಾಲು ನಡೆಯುತ್ತಿತ್ತು, ಫೋನ್ ಸೈಲೆಂಟಾಗಿತ್ತು. ಮಣ್ಣಿಗೂ ಹೋಗಲಾಗಲಿಲ್ಲ.

ಅವರು ಕಲಿಸಿದ ಬೀಜಗಣಿತ ಒಂದಕ್ಷರವೂ ನೆನಪಿಲ್ಲ. ನೆನಪಿರುವುದು ಕಿತ್ತಳೆ. ಶಾಲೆ ಹಿಂದಿನ ತೋಟದ ಬೇಲಿಯನ್ನು ನಾವು ಯಾವತ್ತೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ನಾವು ಮೂವರು ಕೆಳಗೆ ಕಾವಲು, ಕ್ಲಾಸಿನಲ್ಲೇ ಹಗುರವಾದವನು ಮರದ ಮೇಲೆ. ಒಂದು ದಿನ ಪಾಚಿಗೆ ಕಾಲು ಜಾರಿ ಬಿದ್ದ, ಮುಂಗೈ ಮುರಿಯಿತು. ಮೇಷ್ಟ್ರು ಬೆತ್ತ ಹಿಡಿದೇ ಬಂದರು. ‘ನಂದೇ ತಪ್ಪು ಸಾರ್, ಜಾರಿಬಿಟ್ಟೆ’ ಅಂತ ಅವನು ಅಳುತ್ತಿದ್ದ.

‘ನೀನು ಜಾರಿದ್ದು ಕಾಣ್ತಾ ಇದೆ ಕಣೋ. ಹತ್ತಿಸಿದ್ದು ಯಾರು?’

ಏಟು ನಮಗೆ ಬಿತ್ತು. ಕೈಯ ಪಟ್ಟಿ ಬಿಚ್ಚುವವರೆಗೂ ಅವನ ನೋಟ್ಸ್ ನಾವೇ ಬರೆಯಬೇಕು ಅಂತ ತೀರ್ಪೂ ಆಯಿತು.

ವಕೀಲನಾದ ಮೇಲೆ ಕೊಡಗಿನ ವಂಶಪಾರಂಪರ್ಯ ಜಮೀನಿನ, ಅಂದರೆ ಜಮ್ಮಾ ಬಾಣೆಯ, ತಕರಾರು, ಪಾಲಿನ ದಾವೆಗಳಿಂದ ಹೊಟ್ಟೆ ತುಂಬಿತು. ಹೆಸರು ಬಂದದ್ದು ಮಾತ್ರ ಕಾರ್ಮಿಕರ ಪರಿಹಾರದ ಕೇಸುಗಳಿಂದ. ಮರಗಸಿಗೆ, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯಲು, ಹತ್ತಿ ಬಿದ್ದವರು, ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಎತ್ತುವಾಗ ಕರೆಂಟ್ ತಂತಿಗೆ ತಾಗಿ ಸತ್ತವರು. ಎದುರು ಪಾರ್ಟಿಯದು ಯಾವಾಗಲೂ ಒಂದೇ ಮಾತು: ‘ಅವನೇ ಜಾಗ್ರತೆ ಮಾಡಲಿಲ್ಲ.’ 1923ರ ನೌಕರರ ಪರಿಹಾರ ಕಾಯ್ದೆ ಅದಕ್ಕೆ ಕಿವಿಗೊಡುತ್ತಿರಲಿಲ್ಲ, 2025ರಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಕೊಡುವುದಿಲ್ಲ. ಕೆಲಸದ ಮೇಲಿದ್ದಾಗ, ಆ ಕೆಲಸದಿಂದಲೇ ಪೆಟ್ಟಾಯಿತಾ ಅನ್ನುವುದೇ ಪ್ರಶ್ನೆ. ಆಳು ಸತ್ತಿದ್ದರೆ ‘ಕುಡಿದಿದ್ದ’ ಅನ್ನುವ ವಾದವೂ ನಿಲ್ಲದು. ಕಂಟ್ರಾಕ್ಟರ್ ಕರೆತಂದವನು, ನಮ್ಮ ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ ಪುಸ್ತಕ) ಹೆಸರೇ ಇಲ್ಲ ಅಂದರೂ ತೋಟದ ಕೆಲಸಕ್ಕೆ ಮಾಲೀಕನೇ ಹೊಣೆ.

ಬಾಯಿಲೆಕ್ಕವೂ ಮೇಷ್ಟ್ರದ್ದೇ. ಸತ್ತವನಿಗೆ 30 ವರ್ಷ, ತಿಂಗಳ ಸಂಬಳ 15 ಸಾವಿರ ಅನ್ನಿ. ಅದರರ್ಧ 7,500ನ್ನು ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ 207.98ರಿಂದ ಗುಣಿಸಬೇಕು. ಸುಮ್ನೆ 208ರಿಂದ ಗುಣಿಸಿ 150 ಕಳೆದರಾಯಿತು: 15,59,850 ರೂಪಾಯಿ. ಎದುರು ವಕೀಲರು ಮೊಬೈಲ್ ತೆಗೆಯುವಷ್ಟರಲ್ಲಿ ನಾನು ಹೇಳಿ ಮುಗಿಸಿರುತ್ತೇನೆ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ಈಗ ಬೆತ್ತ ಹೋಗಿದೆ, ಒಳ್ಳೆಯದೇ. ಆದರೆ ಪ್ರವಾಸಕ್ಕೆ ಕರೆದೊಯ್ಯುವ ಮೊದಲೇ ‘ಏನಾದರೂ ಆದರೆ ಶಾಲೆ ಹೊಣೆಯಲ್ಲ’ ಅಂತ ಅಪ್ಪ ಅಮ್ಮನ ಸಹಿ ಕೇಳುತ್ತಾರೆ. ಮೊಮ್ಮಗನ ಶಾಲೆಯಿಂದ ಬಂದ ಅಂಥ ಕಾಗದ ಓದಿದಾಗ ನನಗೆ ಎದುರು ಪಾರ್ಟಿಯ ತಕರಾರು ಅರ್ಜಿ ಓದಿದ ಹಾಗೇ ಆಯಿತು.

ಹೋದ ಸಲದ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಮೇಷ್ಟ್ರು ಬಂದಿದ್ದರು. ಮೈಕ್ ಕೊಟ್ಟರೆ ಬೇಡ ಅಂದರು. ಊಟಕ್ಕೆ ಪಕ್ಕದಲ್ಲೇ ಕೂತು, ‘ಲೈನ್ ಮನೆಯವರ ಹತ್ರ ಫೀಸು ಎಷ್ಟು ತಗೋತೀಯೋ?’ ಅಂದರು. ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರ ಮಾತು. ಹೇಳಿದೆ. ಕಲಸಿದ ಅನ್ನ ಹಾಗೇ ಬಿಟ್ಟು, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ‘ಜಾಸ್ತಿಯಾಯ್ತು, ಅರ್ಧ ಮಾಡು’ ಅಂದರು.

ಕಡಿಮೆ ಮಾಡಿದ್ದೇನೆ. ಅರ್ಧದಷ್ಟಲ್ಲ.