ರಜೆಯಲ್ಲಿ ಓದಿದ ಕಾದಂಬರಿಗಳು, ನಮ್ಮ ನಮ್ಮಲ್ಲೇ ಆದ ಜಗಳಗಳು

ಬೇಸಿಗೆ ರಜೆ ಪೂರ್ತಿ ನಾವು ಫ್ರೆಂಡ್ಸೆಲ್ಲ ಸೇರ್ಕೊಂಡು ಯಂಗ್ ಅಡಲ್ಟ್ ಅಂತಾರಲ್ಲ, ನಮ್ಮ ವಯಸ್ಸಿನೋರೇ ಹೀರೋ ಹೀರೋಯಿನ್ ಆಗಿರೋ ಕಾದಂಬರಿಗಳು, ಅವನ್ನ ಓದಿದ್ವಿ, ಓದಿ ಆಮೇಲೆ ಕೂತು ಗಂಟೆಗಟ್ಲೆ ಮಾತಾಡಿದ್ವಿ. ಮಾತಾಡಿದ್ವಿ ಅನ್ನೋದಕ್ಕಿಂತ ಕಿತ್ತಾಡಿದ್ವಿ. ದೊಡ್ಡೋರಾದ್ರೆ ನಾವು ಪುಸ್ತಕ ಕೆಳಗಿಟ್ಟ ತಕ್ಷಣ "ಇದ್ರಿಂದ ಏನ್ ಕಲ್ತೆ?" ಅಂತಾರೆ, ನಮ್ಮಲ್ಲಿ ಒಬ್ರೂ ಆ ಪ್ರಶ್ನೆ ಕೇಳ್ಲಿಲ್ಲ. ನಾವು ಕೇಳ್ಕೊಂಡಿದ್ದು "ನೀನಾಗಿದ್ರೆ ಹಂಗೆ ಮಾಡ್ತಿದ್ಯಾ?", "ಆ ಹುಡುಗಿ ಯಾಕ್ ಬಾಯಿ ಬಿಡ್ಲಿಲ್ಲ?", "ಈ ಎಂಡಿಂಗ್ ನಂಬೋ ಹಂಗಿದ್ಯಾ?" ಅಂತ. ನಂಗೆ ಇದೇ ಸರಿಯಾದ ಪ್ರಶ್ನೆಗಳು ಅನ್ಸತ್ತೆ. (ಮುಂದೆ ಸ್ಪಾಯ್ಲರ್ ಇದೆ, ಓದ್ದೆ ಇರೋರು ಹುಷಾರು.)

ಮೊದ್ಲು ಶುರುವಾಗಿದ್ದು ಸುಜಾನ್ ಕಾಲಿನ್ಸ್ ಬರೆದ 'ದಿ ಹಂಗರ್ ಗೇಮ್ಸ್' ಮೂರು ಪುಸ್ತಕದಿಂದ, 2008ರಲ್ಲಿ ಮೊದಲನೇದು ಬಂತು, 2010ಕ್ಕೆ ಮೂರನೇದು. ಮಕ್ಕಳನ್ನ ಒಬ್ರನ್ನೊಬ್ರು ಕೊಲ್ಲೋ ಆಟಕ್ಕೆ ಕಳ್ಸೋ ಒಂದು ದೇಶ, ಅಲ್ಲಿನ ಹುಡುಗಿ ಕ್ಯಾಟ್ನಿಸ್ ಹೀರೋಯಿನ್. ಮೊದಲ ಎರಡರ ಬಗ್ಗೆ ಯಾರಿಗೂ ತಕರಾರಿಲ್ಲ, ಎಲ್ರೂ ನಿದ್ದೆ ಬಿಟ್ಟು ಓದಿದೋರೆ. ಮೂರನೇದು 'ಮಾಕಿಂಗ್‌ಜೇ' ಬಂದಾಗ ಗುಂಪು ಎರಡಾಯ್ತು. ಒಬ್ಳಂತೂ ಸಿಟ್ಟು ಮಾಡ್ಕೊಂಡು "ಇಷ್ಟು ಹೋರಾಡಿ ಕೊನೆಗೆ ಕ್ಯಾಟ್ನಿಸ್‌ಗೆ ಸಿಕ್ಕಿದ್ದೇನು, ಬರೀ ಕೆಟ್ಟ ಕನಸು" ಅಂದ್ಲು. ಅವಳ ಮಾತಲ್ಲಿ ನ್ಯಾಯ ಇದೆ, ಯಾಕಂದ್ರೆ ಮೊದಲ ಪುಸ್ತಕದಲ್ಲಿ ಯಾವ ತಂಗಿನ ಉಳ್ಸೋಕೆ ಅಂತ ಅವ್ಳು ತಾನೇ ಆಟಕ್ಕೆ ಹೋಗ್ತೀನಿ ಅಂತ ಮುಂದೆ ಬಂದ್ಲೋ ಆ ತಂಗೀನೇ ಮೂರನೇದ್ರ ಕೊನೆ ಹತ್ರ ಸತ್ತೋಗ್ತಾಳೆ, ಓದೋರಿಗೆ ಮೋಸ ಆದಂಗೆ ಆಗತ್ತೆ. ಆದ್ರೆ ನನ್ ಪ್ರಕಾರ ಇಡೀ ಸರಣಿಯಲ್ಲಿ ಪ್ರಾಮಾಣಿಕವಾಗಿರೋದೇ ಆ ಕೊನೆ. ಸುಜಾನ್ ಕಾಲಿನ್ಸ್ ಅವರ ತಂದೆ ಸೇನೇಲಿದ್ರು, ಇವ್ರು ಚಿಕ್ಕೋರಿದ್ದಾಗ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ರು. ಯುದ್ಧ ಮನೆಯೊಳಗೆ ಹೆಂಗೆ ಬರತ್ತೆ ಅಂತ ಗೊತ್ತಿರೋರು ಗೆದ್ದ ಮೇಲೆ ಎಲ್ಲ ಸರಿಹೋಯ್ತು ಅಂತ ಹೆಂಗೆ ಬರೀತಾರೆ ಹೇಳಿ. ಕ್ಯಾಟ್ನಿಸ್‌ಗೆ ಸರಿಯಾದ ಹುಡುಗ ಪೀಟಾನಾ ಗೇಲಾ ಅನ್ನೋ ಜಗಳಾನೂ ಆಯ್ತು, ಅದನ್ನ ಇಲ್ಲಿ ಬರೆಯೋಷ್ಟು ವಿಷ್ಯ ಇಲ್ಲ, ಬಿಡಿ.

'ದಿ ಬುಕ್ ಥೀಫ್' ವಿಷ್ಯದಲ್ಲಿ ಜಗಳ ಬೇರೆ ತರ. 2005ರ ಪುಸ್ತಕ, ಮಾರ್ಕಸ್ ಜೂಸಾಕ್ ಬರೆದಿದ್ದು, ನಾಜಿಗಳ ಕಾಲದ ಜರ್ಮನಿ, ಕಥೆ ಹೇಳೋದು ಸಾವು. ಆ ಸಾವು ಏನ್ ಮಾಡತ್ತೆ ಅಂದ್ರೆ, ಹೀರೋಯಿನ್ ಲೀಸಲ್‌ನ ಗೆಳೆಯ ರೂಡಿ ಸಾಯ್ತಾನೆ ಅಂತ ಕೊನೆ ಬರೋಕೆ ಎಷ್ಟೋ ಮುಂಚೆನೇ ಹೇಳ್ಬಿಡತ್ತೆ. "ಕಥೆ ಹೇಳೋನೇ ಸ್ಪಾಯ್ಲರ್ ಕೊಟ್ರೆ ಇನ್ನೇನು ಓದೋದು" ಅಂತ ಒಬ್ಬ ಅಲ್ಲಿಗೇ ನಿಲ್ಲಿಸ್ದ. ನಂಗೆ ಪೂರ್ತಿ ಉಲ್ಟಾ ಆಯ್ತು. ಗೊತ್ತಾದ ಮೇಲೆ ರೂಡಿ ಬಂದ ಪ್ರತಿ ಪುಟದಲ್ಲೂ, ಅವ್ನು ಓಡಿದ್ರೂ ನಕ್ರೂ ಲೀಸಲ್ ಹತ್ರ ಮುತ್ತು ಕೇಳಿದ್ರೂ ಹೊಟ್ಟೆ ಹಿಂಡಿದಂಗೆ ಆಗ್ತಿತ್ತು, ಗೊತ್ತಿಲ್ದೆ ಓದಿದ್ರೆ ಕೊನೇಲಿ ಒಂದ್ಸಲ ಅತ್ತು ಸುಮ್ನಾಗ್ತಿದ್ದೆ ಅಷ್ಟೆ. ಸ್ಪಾಯ್ಲರ್ ಅಂದ್ರೆ ಪುಸ್ತಕ ಹಾಳಾಯ್ತು ಅಂತ ನಾವೆಲ್ಲ ನಂಬಿರ್ತೀವಲ್ಲ, ಒಳ್ಳೆ ಪುಸ್ತಕಕ್ಕೆ ಅದ್ರಿಂದ ಏನೂ ಆಗಲ್ಲ. ಆ ಹುಡುಗ ಇನ್ನೂ ಒಪ್ಪಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಮಾತಾಡಿದ್ದು ಮಾತ್ರ 'ಸ್ಪೀಕ್' ಬಗ್ಗೆ. ಲಾರಿ ಹಾಲ್ಸ್ ಆಂಡರ್ಸನ್, 1999. ಮೆಲಿಂಡಾ ಅನ್ನೋ ಹುಡುಗಿ ಹೈಸ್ಕೂಲಿಗೆ ಬರೋ ಹೊತ್ತಿಗೇ ಎಲ್ರೂ ಅವಳನ್ನ ದೂರ ಇಟ್ಟಿರ್ತಾರೆ, ಯಾಕಂದ್ರೆ ರಜೆಯಲ್ಲಿ ಒಂದು ಪಾರ್ಟಿಗೆ ಪೊಲೀಸ್ರನ್ನ ಕರೆಸಿದ್ದು ಇವಳೇ, ಯಾಕೆ ಕರೆಸಿದ್ಲು ಅಂತ ಯಾರೂ ಕೇಳಿಲ್ಲ, ಇವಳೂ ಹೇಳಿಲ್ಲ. ಅಲ್ಲಿ ಅವಳ ಮೇಲೆ ಅತ್ಯಾಚಾರ ಆಗಿತ್ತು ಅನ್ನೋದು ನಮಗೆ ತಡವಾಗಿ ಗೊತ್ತಾಗತ್ತೆ. ಇಬ್ರು ಹುಡುಗ್ರು "ಅರ್ಧ ಪುಸ್ತಕ ಏನೂ ನಡೆಯಲ್ಲ, ಬೋರ್" ಅಂದ್ರು. ಆಗ ಯಾವಾಗ್ಲೂ ಸುಮ್ನೆ ಕೂತಿರೋ ಒಬ್ಳು ಹೇಳಿದ್ದು ನಂಗೆ ಮರೆಯೋಕೇ ಆಗಲ್ಲ, "ಏನೂ ನಡೀತಿಲ್ಲ ಅಂತ ನಿಮಗೆ ಅನ್ಸಿದ್ದು ಅವ್ಳು ಏನೂ ಹೇಳ್ತಿಲ್ಲ ಅಂತ, ಅವಳ ಕ್ಲಾಸಿನೋರಿಗೂ ಅದೇ ಅನ್ಸಿದ್ದು." ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಪುಸ್ತಕ ತೆಗೆದು ಮತ್ತೆ ನೋಡಿದ್ವಿ, ಕೆಲವು ಕಡೆ ಸಂಭಾಷಣೆ ನಾಟಕದ ತರ ಬರೆದಿದೆ, ಮೆಲಿಂಡಾ ಸರದಿ ಬಂದಾಗ ಅವಳ ಮಾತಿರ್ಬೇಕಾದ ಜಾಗ ಖಾಲಿ. ಓದ್ವಾಗ ನಾವೆಲ್ಲ ಅದನ್ನ ದಾಟ್ಕೊಂಡು ಹೋಗಿದ್ವಿ. ಡ್ರಾಯಿಂಗ್ ಮೇಷ್ಟ್ರು ವರ್ಷ ಪೂರ್ತಿ ಮರ ಬಿಡಿಸು ಅಂತ ಕೊಟ್ಟಿರ್ತಾರಲ್ಲ, ಅದೂ ಅಷ್ಟೆ, ಮೊದ್ಲು ಸುಮ್ನೆ ಹೋಂವರ್ಕ್ ಅನ್ಸತ್ತೆ. ಈ ಪುಸ್ತಕ ನಮ್ಮ ವಯಸ್ಸಿಗೆ ಬೇಡ ಅನ್ನೋ ದೊಡ್ಡೋರು ಇದಾರೆ, ಅವರ ಭಯ ನಂಗೆ ಅರ್ಥ ಆಗತ್ತೆ, ಆದ್ರೆ ಇಂಥ ವಿಷ್ಯನ ಹುಡುಗ್ರು ಹುಡುಗೀರು ಒಟ್ಟಿಗೆ ಕೂತು ನಾಚ್ಕೆ ಇಲ್ದೆ ಮಾತಾಡಿದ್ದು ಅದೇ ಮೊದ್ಲು, ಅದು ಆಗಿದ್ದು ಈ ಪುಸ್ತಕ ಮಧ್ಯೆ ಇದ್ದಿದ್ದಕ್ಕೆ.

'ದಿ ಔಟ್‌ಸೈಡರ್ಸ್' ಹಳೇದು, 1967. ಎಸ್.ಇ. ಹಿಂಟನ್ ಅದನ್ನ ಬರೆಯೋಕೆ ಶುರು ಮಾಡಿದಾಗ ಅವ್ರೇ ಹೈಸ್ಕೂಲ್ ಹುಡುಗಿ! ಗಂಡಸು ವಿಮರ್ಶಕ್ರು ಹುಡುಗಿ ಬರೆದಿದ್ದು ಅಂತ ಪಕ್ಕಕ್ಕೆ ಹಾಕ್ಬಾರ್ದು ಅಂತ ಪ್ರಕಾಶಕ್ರು ಪೂರ್ತಿ ಹೆಸರು ಬೇಡ ಅಂದ್ರಂತೆ. ಭಾಷೆ ಅಲ್ಲಲ್ಲಿ ಜಾಸ್ತಿ ಭಾವುಕ ಆಯ್ತು ಅಂತ ನಮ್ಮಲ್ಲಿ ಸುಮಾರು ಜನ ಅಂದ್ರು, ನಂಗೂ ಹಾಗೇ ಅನ್ಸ್ತು, ಆದ್ರೆ ಕಥೆ ಹೇಳೋನು ಹದಿನಾಲ್ಕರ ಹುಡುಗ, ಆ ವಯಸ್ಸಲ್ಲಿ ಯೋಚ್ನೆ ಮಾಡೋದು ಹಂಗೇ ಅಲ್ವಾ.

ಕೊನೇದು ಜೇಸನ್ ರೆನಾಲ್ಡ್ಸ್ ಅವರ 'ಲಾಂಗ್ ವೇ ಡೌನ್', 2017ರದು. ಪೂರ್ತಿ ಪದ್ಯದಲ್ಲಿದೆ. ನಮ್ಮ ಗುಂಪಲ್ಲಿ ದಪ್ಪ ಪುಸ್ತಕ ನೋಡಿದ್ರೆ ಎದ್ದೋಗೋನು ಒಬ್ಬ ಇದಾನೆ, ಅವ್ನು ಇದನ್ನ ಒಂದೇ ಕೂತಲ್ಲಿ ಮುಗಿಸ್ದ, ಪುಟಕ್ಕೆ ಕೆಲವೇ ಸಾಲು ಇರೋದ್ರಿಂದ ಕೈ ನಿಲ್ಲಲ್ಲ. ಅಣ್ಣನ್ನ ಕೊಂದೋನ ಮೇಲೆ ಸೇಡು ತೀರಿಸ್ಕೊಳ್ಳೋಕೆ ಹದಿನೈದರ ವಿಲ್ ಗನ್ ಇಟ್ಕೊಂಡು ಲಿಫ್ಟ್ ಹತ್ತುತಾನೆ, ಕೆಳಗೆ ಹೋಗೋ ಆ ಒಂದು ನಿಮಿಷದಲ್ಲೇ ಇಡೀ ಕಥೆ, ದಾರಿಯಲ್ಲಿ ಹತ್ತೋರೆಲ್ಲ ಸತ್ತೋರು. ಪುಸ್ತಕ ಮುಗಿಯೋದು ಒಂದು ಪ್ರಶ್ನೆ ಮೇಲೆ, ಉತ್ತರ ಕೊಡಲ್ಲ. ಒಂದೇ ಕೂತಲ್ಲಿ ಓದಿದ ಅದೇ ಹುಡುಗ "ಇದು ಅನ್ಯಾಯ, ಬರೆದೋರು ಹೇಳ್ಬೇಕಿತ್ತು" ಅಂತ ಕೂಗಾಡ್ದ. ನಾನು ಹೇಳಿದ್ದಿಷ್ಟು, ಸೇಡು ಬಿಟ್ಟ ಅಂತ ಬರೆದಿದ್ರೆ ಅದು ಪಾಠ ಆಗ್ತಿತ್ತು, ಬಿಡ್ಲಿಲ್ಲ ಅಂತ ಬರೆದಿದ್ರೆ ಓದಿ ಮುಚ್ಚಿಡ್ತಿದ್ವಿ, ಈಗ ನೋಡು ನೀನು ಇನ್ನೂ ಅವನ ಬಗ್ಗೇನೇ ಮಾತಾಡ್ತಿದ್ಯ. ಅವ್ನು ಅದಕ್ಕೂ ಒಪ್ಪಲ್ಲ, ಲಿಫ್ಟಲ್ಲಿ ಅಣ್ಣ ಅತ್ತಿದ್ದೇ ಉತ್ತರ, ಅಳಬಾರ್ದು, ಸೇಡು ತೀರಿಸ್ಕೋಬೇಕು ಅನ್ನೋದು ಅವರ ಏರಿಯಾದ ರೂಲ್, ಅಳಬಾರ್ದು ಅನ್ನೋದನ್ನ ಅಣ್ಣನೇ ಮುರಿದ ಮೇಲೆ ವಿಲ್ ಆಚೆ ಹೋಗಿರಲ್ಲ ಅಂತ ಈಗ ವಾದ ಮಾಡ್ತಿದಾನೆ. ಓದಿರೋರು ನೀವೇ ಹೇಳಿ, ವಿಲ್ ಹೋದ್ನಾ ಇಲ್ವಾ?